ಕೊಬ್ಬರಿ ಗಾಡಿಗೆ ಕಮಾನು ಕಟ್ಟಿದ ಕಾಲ

 

ಕಳೆದ ತಿಂಗಳು ತುರುವೇಕೆರೆ ಕಡೆಯಿಂದ ನನ್ನ ಚಿಕ್ಕಪ್ಪನ ಮಗ ಒಂದು ಫೋಟೋ ಕಳಿಸಿದ. ತೋಟದ ಮೂಲೆಯಲ್ಲಿ, ಸೋಗೆ ರಾಶಿಯ ಪಕ್ಕ, ನಮ್ಮ ಹಳೇ ಟ್ರ್ಯಾಕ್ಟರ್ ಟ್ರೇಲರ್ ನಿಂತಿದೆ. ತುಕ್ಕು ಹಿಡಿದಿದೆ, ಒಂದು ಟೈರ್ ಕೂತುಬಿಟ್ಟಿದೆ. ಕೆಳಗೆ ಬರೆದಿದ್ದ: "ಅಣ್ಣಾ, ಇದನ್ನ ಕ್ಯಾಂಪರ್ ಮಾಡೋಣ್ವಾ? ಮಲಗೋಕೆ ಜಾಗ, ಒಂದು ಸ್ಟವ್, ಮೇಲೆ ಸೋಲಾರ್." ಫೋಟೋನ ಅಜ್ಜಿಗೆ ತೋರಿಸಿದೆ. ಅಜ್ಜಿ ನಕ್ಕುಬಿಟ್ರು. "ಇದೇನೋ ಹೊಸಾದು? ನಮ್ಮ ಮಾವನೋರು ವರ್ಷಾ ವರ್ಷಾ ಮಾಡ್ತಿದ್ರಲ್ಲಪ್ಪಾ, ಜಾತ್ರೆಗೆ ಹೋಗುವಾಗ!"

ಇವತ್ತಿನ ಕಥೆ ಅದೇ. ಸರಕು ಹೊರುವ ಗಾಡಿ ಕೆಲವು ದಿನ ಮನೆಯಾಗ್ತಿದ್ದ ಕಥೆ.

ಮೊದಲು ಒಂದು ಮಾತು. ಎತ್ತಿನ ಗಾಡಿ ಅನಾದಿಕಾಲದಿಂದ ನಮ್ಮಲ್ಲಿ ಊರೂರು ಸುತ್ತುತ್ತಿತ್ತು ಅಂತ ಅಂದ್ಕೋಬೇಡಿ. ಹೊಲಕ್ಕೆ, ಗೊಬ್ಬರಕ್ಕೆ ಗಾಡಿ ಇತ್ತು, ನಿಜ. ಆದರೆ ದೂರದ ಊರಿಗೆ ಸರಕು ಹೋಗುತ್ತಿದ್ದುದು ಹೆಚ್ಚಾಗಿ ಎತ್ತಿನ ಬೆನ್ನ ಮೇಲೆ, ಹೇರಾಗಿ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ. ಚಿಕ್ಕನಾಯಕನಹಳ್ಳಿಗೂ ಬಂದಿದ್ದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ವ್ಯಾಪಾರ ಅಂದರೆ ಬಹುಪಾಲು ಹೇರೆತ್ತುಗಳ ವ್ಯಾಪಾರವೇ.

ಗಾಡಿ ದೂರ ಹೋಗಬೇಕಾದರೆ ದಾರಿ ಬೇಕಲ್ವಾ? 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರಸ್ತೆ, ಸೇತುವೆಗಳು ಆದವು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಮೇಲೆ ಹರಿಹರದವರೆಗೆ ಮೀಟರ್ ಗೇಜ್ ರೈಲು ಬಂತು. ರೈಲು ತಿಪಟೂರು ಪೇಟೆಯನ್ನ ಮುಟ್ಟಿತು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಪೇಟೆಗಳನ್ನ ಮುಟ್ಟಲಿಲ್ಲ. ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರಿ ಸುತ್ತಲ ಹಳ್ಳಿಗಳಿಂದ ತಿಪಟೂರಿಗೆ ಬರಬೇಕಿತ್ತು. ಬಂದದ್ದು ಗಾಡಿಯಲ್ಲೇ.

ಇನ್ನು ಅಜ್ಜಿ ಹೇಳಿದ "ಕನ್ವರ್ಷನ್" ಕೇಳಿ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ. ತಿಪಟೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುತ್ತೆ. ಅಂದರೆ ದಾರಿಯಲ್ಲೇ ಎರಡು ರಾತ್ರಿ, ಜಾತ್ರೆಯಲ್ಲಿ ಇನ್ನೂ ನಾಲ್ಕಾರು. ಲಾಡ್ಜ್ ಎಲ್ಲಿತ್ತು ಸ್ವಾಮಿ?

ಕೊಬ್ಬರಿ ಚೀಲ ಇಳಿಸಿ, ಗಾಡಿ ಗುಡಿಸಿ, ಬಿದಿರ ದಬ್ಬೆಗಳನ್ನ ಬಗ್ಗಿಸಿ ಎರಡೂ ಪಕ್ಕದ ಗೂಟಕ್ಕೆ ಕಟ್ಟೋದು. ಅದೇ ಕಮಾನು. ಮೇಲೆ ಚಾಪೆ, ಮಂಜು ಬಿದ್ದರೆ ಅದರ ಮೇಲೊಂದು ಕಂಬಳಿ. ಒಳಗೆ ಒಂದು ಮೊಳ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಆ ಹುಲ್ಲೇ ಹಾಸಿಗೆ, ಅದೇ ಎತ್ತಿನ ಮೇವು. ಊರು ಬಿಡುವಾಗ ಮೆತ್ತಗಿದ್ದ ಹಾಸಿಗೆ ವಾಪಸ್ ಬರುವಷ್ಟರಲ್ಲಿ ಎತ್ತಿನ ಹೊಟ್ಟೆ ಸೇರಿರ್ತಿತ್ತು! ಗಾಡಿ ಕೆಳಗೆ ಲಾಟೀನು. ರಾತ್ರಿ ಹೆಂಗಸರು ಮಕ್ಕಳು ಒಳಗೆ, ಗಂಡಸರು ಗಾಡಿ ಕೆಳಗೆ. ಮೂರು ಕಲ್ಲಿಟ್ಟರೆ ಒಲೆ, ಉರಿಗೆ ತೆಂಗಿನ ಚಿಪ್ಪು.

ಇದರಲ್ಲಿ ಒಂದು ಎಂಜಿನಿಯರಿಂಗ್ ಇದೆ. ಸಾಮಾನು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತೆ, ಕೊರಳ ಹಗ್ಗ ಎತ್ತಿನ ಗಂಟಲು ಬಿಗಿಯುತ್ತೆ. ಮುಂದಕ್ಕೆ ಹೆಚ್ಚಾದರೆ ನೊಗ ಕೂತು ಹೆಗಲು ಹುಣ್ಣಾಗುತ್ತೆ. ಹಾಗಾಗಿ ಭಾರವೆಲ್ಲ ಅಚ್ಚಿನ ಮೇಲಿಟ್ಟು, ಸ್ವಲ್ಪವೇ ಸ್ವಲ್ಪ ಮೂಕಿ ಕಡೆಗೆ ಬಿಡ್ತಿದ್ರು. ಇವತ್ತು ಕಾರಿನ ಹಿಂದೆ ಟ್ರೇಲರ್ ಎಳೆಯೋರೂ ಇದೇ ಲೆಕ್ಕ ಹಾಕ್ತಾರೆ: ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲೆ ಬರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಆಡುತ್ತೆ.

ಬೇರೆ ದೇಶದಲ್ಲೂ ಕಥೆ ಹೀಗೇ ಇದೆ. 1866ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಚಾರ್ಲ್ಸ್ ಗುಡ್‌ನೈಟ್ ಅನ್ನೋ ದನದ ವ್ಯಾಪಾರಿ, ಸೈನ್ಯ ಬಳಸಿ ಬಿಟ್ಟಿದ್ದ ಒಂದು ಸರಕು ಗಾಡಿ ತಗೊಂಡು, ಹಿಂಬದಿಗೆ ಖಾನೆಗಳ ಪೆಟ್ಟಿಗೆ ಕೂರಿಸಿ ಅಡುಗೆಮನೆ ಮಾಡಿದ. 'ಚಕ್ ವ್ಯಾಗನ್' ಅಂತ ಅದು ಹೆಸರಾಯ್ತು, ಮ್ಯೂಸಿಯಂ ಸೇರಿತು. ನಮ್ಮ ಕಮಾನು ಗಾಡಿ ಮುರಿದು ಒಲೆ ಸೇರಿತು.

ಆಮೇಲೆ ಟ್ರ್ಯಾಕ್ಟರ್ ಬಂತು. ಜನ ಅದೇ ಬುದ್ಧಿ ಟ್ರೇಲರಿಗೂ ಹಚ್ಚಿದರು: ಕಬ್ಬಿಣದ ಪೈಪು, ಮೇಲೆ ಟಾರ್ಪಾಲು, ಕೆಳಗೆ ಹುಲ್ಲು. ಆದರೆ ಒಂದು ಬದಲಾಗಿತ್ತು, ವೇಗ. ನನಗಾಗ ಒಂಬತ್ತು ವರ್ಷ. ಜಾತ್ರೆ ಮುಗಿಸಿ ಬರ್ತಾ ಕೆರೆ ಏರಿಯ ತಿರುವಿನಲ್ಲಿ ನಮ್ಮ ಟ್ರೇಲರ್ ಮಗುಚಿತು. ಹುಲ್ಲಿನ ಮೇಲೆ ಬಿದ್ದ ನನಗೇನೂ ಆಗಲಿಲ್ಲ. ನಮ್ಮ ಸೋದರತ್ತೆಯ ಬಲಗೈ ಮುರಿಯಿತು. ಇವತ್ತಿಗೂ ಅತ್ತೆ ಆ ಕೈಯಲ್ಲಿ ತುಂಬಿದ ಕೊಡ ಎತ್ತಲ್ಲ. ಫೋಟೋದಲ್ಲಿರೋದು ಅದೇ ಟ್ರೇಲರ್.

ಹಾಗಾಗಿ ತಮ್ಮನಿಗೆ ಫೋನ್ ಮಾಡಿ ಎರಡು ವಿಷಯ ಹೇಳಿದೆ. ಒಂದು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಎರಡು, ಸರಕಿನ ಟ್ರೇಲರಿನಲ್ಲಿ ಜನ ಕೂರೋದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ. ಎತ್ತು ನಡೆಯುವ ವೇಗಕ್ಕೆ ಹುಟ್ಟಿದ ಉಪಾಯ ಎಂಜಿನ್ನಿನ ವೇಗಕ್ಕೆ ತಾಳಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ರಸ್ತೆಗೆ ಇಳಿಸದೇ ಇದ್ರೆ?" ಅಂದ.

ಇದು ಸರಿ ಅನ್ನಿಸಿತು. ಈಗ ಟ್ರೇಲರಿನ ಚಕ್ರ ಬಿಚ್ಚಿ ನಾಲ್ಕು ಕಲ್ಲುಕಂಬದ ಮೇಲೆ ಕೂರಿಸಿದೀವಿ, ತೋಟದಲ್ಲೇ. 10 ಅಡಿ ಉದ್ದ, 6 ಅಡಿ ಅಗಲ. ತಗಡು ಹಾಕಿದರೆ ಬೇಸಿಗೆಯಲ್ಲಿ ಒಳಗೆ ಬೇಯಬೇಕು; ಅದಕ್ಕೇ ಬಿದಿರ ಕಮಾನು, ಮೇಲೆ ಹೆಣೆದ ಸೋಗೆ. ಒಲೆ ಹೊರಗೆ, ಹೊಗೆ ಒಳಗೆ ಕಟ್ಟಿದರೆ ಉಸಿರಿಗೆ ಅಪಾಯ ಅಂತ. ದಬ್ಬೆ ಎಷ್ಟು ಬಗ್ಗಿಸಬೇಕು, ಗಂಟು ಹೇಗೆ ಹಾಕಬೇಕು ಅನ್ನೋದು ಯಾವ ವಿಡಿಯೋದಲ್ಲೂ ಸಿಗಲಿಲ್ಲ. ಅಜ್ಜಿ ಕುರ್ಚಿ ಹಾಕ್ಕೊಂಡು ಕೂತು ಹೇಳಿಕೊಟ್ರು. ಮೊದಲ ರಾತ್ರಿ ಒಳಗೆ ಮಲಗಿದ್ದು ಅತ್ತೆ.

ನಿಮ್ಮ ಮನೆಯಲ್ಲೂ ಕಮಾನು ಕಟ್ಟಿದ ಕೈಗಳು ಇರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಮುಂದಿನ ವಾರ ಮತ್ತೆ ಸಿಗೋಣ.