ಒಂದು ಮೌಸ್, ಹಲವು ಕೈಗಳು

ಭಾರತದ ಶಾಲೆಗಳಿಗೆ ಗಣಕಯಂತ್ರವನ್ನು ವ್ಯವಸ್ಥಿತವಾಗಿ ಒದಗಿಸುವ ಮೊದಲ ಪ್ರಯತ್ನ ನಡೆದುದು 1984ರಲ್ಲಿ. 'ಕ್ಲಾಸ್' ಎಂಬ ಆ ಕೇಂದ್ರ ಯೋಜನೆಯಲ್ಲಿ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ 'ಬಿಬಿಸಿ ಮೈಕ್ರೋ' ಯಂತ್ರಗಳು ದೊರೆತವು. ಅವುಗಳ ಸ್ಮರಣಶಕ್ತಿ 32 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಭಾವಚಿತ್ರಕ್ಕೂ ಅದು ಸಾಲದು. ನಾನಂತೂ ಆ ಯಂತ್ರವನ್ನು ಕಂಡುದು ಪತ್ರಿಕೆಯಲ್ಲಿ ಮಾತ್ರ.

ಕರ್ನಾಟಕದ ಸರಕಾರಿ ಪ್ರೌಢಶಾಲೆಗಳಿಗೆ ನಿಜವಾಗಿ ಗಣಕವನ್ನು ತಂದುದು 2001ರ 'ಮಾಹಿತಿ ಸಿಂಧು'. ಆಯ್ದ ಒಂದು ಸಾವಿರ ಶಾಲೆಗಳಲ್ಲಿ ಅದು ಆರಂಭವಾಯಿತು. ಕಡಬವು ಆಗ ಇನ್ನೂ ಪುತ್ತೂರು ತಾಲೂಕಿನ ಭಾಗ. ಈ ಪುತ್ತೂರು, ಸುಳ್ಯದ ಕಡೆ ಆಟಿಯ ಗಾಳಿಗೆ ಮರದ ಗೆಲ್ಲು ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಮರಳಲು ದಿನಗಳೇ ಬೇಕು. ಮಳೆ ಹಿಂದೆ ಸರಿಯುವಾಗ ಸಿಡಿಲಿನ ಭಯ, ಮೋಡ ಕವಿಯುತ್ತಲೇ ಪ್ಲಗ್ಗು ಕೀಳಬೇಕು. ಇವೆಲ್ಲ ಕಳೆದು ಉಳಿದ ಅವಧಿಯಲ್ಲಿ ಒಂದೊಂದು ಯಂತ್ರದ ಮುಂದೆ ನಾಲ್ಕೈದು ಮಕ್ಕಳು.

ಯಂತ್ರಗಳು ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಚಾರ. ಆದರೆ ಆ ನಾಲ್ಕೈದು ಮಕ್ಕಳ ನಡುವೆ ಏನು ನಡೆಯುತ್ತದೆಂಬುದನ್ನು ಗಮನಿಸಿದವರು ವಿರಳ. ಮೌಸು ಧೈರ್ಯಸ್ಥನ ಕೈ ಸೇರುತ್ತಿತ್ತು. ತೋಟವುಳ್ಳವರ ಮನೆಯ ಹುಡುಗ ಕುರ್ಚಿಯಲ್ಲಿ, ಕೂಲಿಗೆ ಹೋಗುವವರ ಮಗಳು ಬೆನ್ನ ಹಿಂದೆ. ದಾಖಲೆಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಹಾಜರಿ.

ಇದನ್ನೇ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೋ ಟೊಯಾಮಾ ಅವರು ಅಧ್ಯಯನ ಮಾಡಿ 2006ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಅವರು ಸೂಚಿಸಿದ ಉಪಾಯ ಸರಳ: ಪರದೆ ಒಂದೇ, ಮೌಸು ಮಾತ್ರ ಮಗುವಿಗೊಂದು, ಪ್ರತಿಯೊಬ್ಬರ ಬಾಣಕ್ಕೂ ಬೇರೆ ಬೇರೆ ಬಣ್ಣ. ಹಿಂದೆ ನಿಂತ ಮಗುವೂ ಆಟದೊಳಕ್ಕೆ ಬಂತು. ಮರುವರ್ಷದ ಪ್ರಯೋಗದಿಂದ ಮತ್ತೂ ಸ್ವಾರಸ್ಯದ ಸಂಗತಿ ಹೊರಬಿತ್ತು. ಮೊದಲು ಒತ್ತಿದವನು ಗೆದ್ದನೆಂಬ ನಿಯಮವಿದ್ದಾಗ ಹುಡುಗರು ಯೋಚಿಸದೆ ಒತ್ತುತ್ತ ಹೋದರು, ಕಲಿತದ್ದು ಕಡಿಮೆ. ಎಲ್ಲರೂ ಒಪ್ಪಿದರೆ ಮಾತ್ರ ಮುಂದಿನ ಪುಟ ಎಂದಾಗ, ಸ್ವಂತ ಯಂತ್ರವಿದ್ದ ಮಗುವಿನಷ್ಟೇ ಪದಗಳನ್ನು ಗುಂಪಿನ ಮಕ್ಕಳೂ ಕಲಿತರು. ಮೌಸಿಗಿಂತ ಆ ನಿಯಮವೇ ದೊಡ್ಡ ಶೋಧವೆಂದು ನನ್ನ ಅಭಿಪ್ರಾಯ. ಅದಕ್ಕೆ ಟೆಂಡರು ಕರೆಯಬೇಕಾಗಿಲ್ಲ!

ಬಹುಮೌಸಿನ ತಂತ್ರಾಂಶ ಮುಂದೆ ಉಚಿತವಾಗಿಯೇ ದೊರೆಯಿತು. 2010ರಲ್ಲಿ 'ಮೌಸ್ ಮಿಸ್ಚಿಫ್' ಎಂಬ ಹೆಸರಿನಲ್ಲೂ ಬಂತು. ನಮ್ಮ ಕಡೆಯ ಯಾವ ಶಾಲೆಯಲ್ಲೂ ನಾನದನ್ನು ಕಾಣಲಿಲ್ಲ. ನಮ್ಮಲ್ಲಿ ನಡೆದುದು ಗಂಟೆಯ ಪದ್ಧತಿ. ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲು, ಸರದಿಯ ಪಟ್ಟಿ ಕರಿಹಲಗೆಯ ಮೇಲೆ. ಬಲ್ಲವನು ಬಾಯಲ್ಲಿ ಹೇಳಬಹುದು, ಮೌಸನ್ನು ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಬೆನ್ನ ಹಿಂದೆಯೇ ನಿಂತಿದ್ದ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗ 'ನುಡಿ'ಯಲ್ಲಿ ಮೊದಲು ಬೆರಳಚ್ಚಿಸಿದ್ದು ತನ್ನ ಹೆಸರನ್ನಲ್ಲ, ತಾಯಿಯ ಹೆಸರನ್ನು.