ಕೂಸು ಯಾರ ಕೈಯಲ್ಲಿತ್ತು?

ಡೇ ಕೇರ್‌ನಲ್ಲಿ ಬಿಟ್ಟ ಮಕ್ಕಳು ಹೊಡೆಯುತ್ತಾರೆ, ಕಚ್ಚುತ್ತಾರೆ, ಹೇಳಿದ ಮಾತು ಕೇಳುವುದಿಲ್ಲ ಎಂಬ ಮಾತು ಈಗ ನಮ್ಮ ಕಲಬುರಗಿ ಸೀಮೆಯಲ್ಲೂ ಕಿವಿಗೆ ಬೀಳುತ್ತದೆ. ಈ ಮಾತಿಗೂ ಒಂದು ಚರಿತ್ರೆ ಇದೆ.

1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿ ಬರೆದರು. ತಾಯಿಯ ಆರೈಕೆ ತಪ್ಪಿದ ಮಗುವಿನ ಮನಸ್ಸಿಗೆ ಪೆಟ್ಟಾಗುತ್ತದೆ ಎಂಬುದು ಅದರ ಸಾರ. ಅವರ ಮುಂದಿದ್ದದ್ದು ಮುಖ್ಯವಾಗಿ ಮನೆಯನ್ನೇ ಕಳೆದುಕೊಂಡ ಮಕ್ಕಳು. ಆದರೂ ಆ ವರದಿಯ ನೆರಳು ಹಗಲು ದುಡಿದು ಸಂಜೆ ಮನೆಗೆ ಬರುವ ತಾಯಂದಿರ ಮೇಲೂ ಬಿತ್ತು. 1991ರಿಂದ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು ನಡೆಯಿತು. ವಾರಕ್ಕೆ 30 ಗಂಟೆಗಿಂತ ಹೆಚ್ಚು ಬೇರೆಯವರ ಆರೈಕೆಯಲ್ಲಿದ್ದ ಮಕ್ಕಳಲ್ಲಿ ಶೇ. 17ರಷ್ಟು, 10 ಗಂಟೆಗಿಂತ ಕಡಿಮೆ ಇದ್ದವರಲ್ಲಿ ಶೇ. 6ರಷ್ಟು ಮಕ್ಕಳು ಜಗಳಗಂಟಿತನ ತೋರಿದರೆಂದು 2001ರಲ್ಲಿ ಸುದ್ದಿಯಾಯಿತು. ಸಾಮಾನ್ಯ ಮಕ್ಕಳ ಗುಂಪಿನಲ್ಲೂ ಹೆಚ್ಚುಕಡಿಮೆ ಶೇ. 17ರಷ್ಟೇ ಮಕ್ಕಳು ಹಾಗಿರುತ್ತಾರೆ ಎಂಬ ಸಂಗತಿ ಅಷ್ಟು ಸುದ್ದಿಯಾಗಲಿಲ್ಲ. ಹೊಡೆಯುವುದು, ತಳ್ಳುವುದು ಎರಡು ಮೂರು ವರ್ಷದ ವಯಸ್ಸಿನಲ್ಲಿ ಹೆಚ್ಚಿದ್ದು, ಮಾತು ಬಲಿತಂತೆ ತಗ್ಗುತ್ತದೆ ಎಂದು ಕೆನಡಾದ ರಿಚರ್ಡ್ ಟ್ರೆಂಬ್ಲೆ ತೋರಿಸಿಕೊಟ್ಟರು. ಅಂದರೆ ಆ ವಯಸ್ಸಿನ ಮಗುವಿಗೆ ಬೇಕಾದದ್ದು ಹತ್ತಿರ ಕೂತು ತಡೆಯುವ, ಮಾತಾಡಿಸುವ ಒಬ್ಬ ದೊಡ್ಡವರು.

ಈ ಅಧ್ಯಯನಗಳೆಲ್ಲ ಡೇ ಕೇರನ್ನು ಬಹುಪಾಲು ಮನೆಯಲ್ಲಿರುವ ತಾಯಿಯೊಂದಿಗೆ ಹೋಲಿಸಿದವು. ನಮ್ಮ ಐದು ಊರುಗಳಲ್ಲಿ ಆ ಹೋಲಿಕೆ ಎಷ್ಟರಮಟ್ಟಿಗೆ ಹೊಂದುತ್ತದೆ? ಶಹಾಬಾದಿನ ಸಿಮೆಂಟ್ ಕಾರ್ಖಾನೆ ನಿಜಾಮರ ಕಾಲದ್ದು. ವಾಡಿಯದು 1960ರ ದಶಕದ ಕೊನೆಯದು. ಆಮೇಲೆ ಸೇಡಂ, ಮಳಖೇಡದ ಕಾರ್ಖಾನೆಗಳು ಬಂದವು. ಇವುಗಳ ಸುತ್ತ ಪರ್ಸಿ ಕಲ್ಲಿನ ಖಣಿಗಳು, ಚಿತ್ತಾಪುರದ ತೊಗರಿ ಹೊಲಗಳು, ಚಿಂಚೋಳಿ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು. ಇಲ್ಲಿ ತಾಯಿ ಮನೆಯಲ್ಲಿ ಕೂತು ಕೂಸು ನೋಡಿಕೊಂಡ ಕಾಲ ಯಾವುದು? ಕೂಸು ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿತ್ತು, ಇಲ್ಲವೇ ಅಕ್ಕನ ಸೊಂಟದ ಮೇಲಿತ್ತು.

ಕಾನೂನು ಕೂಸನ್ನು ಕಂಡಿರಲಿಲ್ಲ ಎನ್ನುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಆದರೆ ಕಲ್ಲು ಪಾಲಿಶ್ ಮಾಡುವ ಸಣ್ಣ ಘಟಕದಲ್ಲಿ ಏಳೆಂಟು ಹೆಂಗಸರಿದ್ದರೆ ಈ ಕಲಮು ಅವರನ್ನು ಮುಟ್ಟುತ್ತಲೇ ಇರಲಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಐಸಿಡಿಎಸ್ ಯೋಜನೆಯ ಅಂಗನವಾಡಿ ಊರೂರಿಗೆ ಬಂತು. ಆದರೆ ಅಲ್ಲಿ ಕೂತು ಆಡಿ ಕಲಿಯುವವರು ಮೂರು ವರ್ಷ ದಾಟಿದವರು. ಉದ್ಯೋಗ ಖಾತರಿಯ 2005ರ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ, ಆಕೆಗೂ ಕೂಲಿ ಕೊಡಬೇಕೆಂದಿತು. ಕೂಸು ನೋಡುವುದೂ ದುಡಿಮೆಯೇ ಎಂದು ಕೂಲಿಯ ಲೆಕ್ಕದಲ್ಲಿ ಬರೆದ ಮಾತು ಇದು. ನನ್ನ ಮಟ್ಟಿಗೆ ದೊಡ್ಡದು.

ಕಾರ್ಮಿಕ ಚರಿತ್ರೆ ಓದುವ ನನ್ನನ್ನು ಹೆಚ್ಚು ಕಾಡುವುದು ಆ ಅಕ್ಕ. ಕೂಲಿಯವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಮುಂದೆ ಗೈರು ಗುರುತು. ಎಂಟು ಹತ್ತು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು ಕಳೆದ ಹಗಲುಗಳ ಮೇಲೆ ಈ ಸೀಮೆಯ ಎಷ್ಟೋ ಮನೆಗಳ ಕೂಲಿ ನಿಂತಿತ್ತು. ತಮ್ಮ ಕಚ್ಚಿದರೆ, ಹೊಡೆದರೆ ಅವಳಿಗೆ ಗೊತ್ತಿದ್ದ ಉಪಾಯ ತಾನು ತಿಂದಿದ್ದ ಏಟು ಮಾತ್ರ. ಅವಳೂ ಮಗುವೇ ಆಗಿದ್ದಳಲ್ಲ!

2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಎಂದೇ ಮಾಡಿದ ಜಾಗ. ಹೆಸರೂ ನಮ್ಮ ಆಡುಮಾತಿನದು. ಅಲ್ಲಿ ಮಕ್ಕಳು ಜಗಳ ಕಲಿಯುತ್ತಾರೆಯೇ ಎಂದು ಕೇಳುವವರು ಇನ್ನೂ ಕೆಲವು ಪ್ರಶ್ನೆ ಕೇಳಲಿ. ಒಬ್ಬ ಆರೈಕೆದಾರಳ ಪಾಲಿಗೆ ಎಷ್ಟು ಕೂಸು? ಆಕೆಗೆ ತರಬೇತಿ ಎಷ್ಟು ದಿನದ್ದು? ಕೂಲಿ ತಿಂಗಳು ತಿಂಗಳು ಕೈಸೇರುತ್ತದೆಯೇ? ಆ ಮನೆಯ ಬಾಗಿಲು ತೆರೆದಂದು ಅಕ್ಕ ಶಾಲೆಗೆ ಹೋದಳೇ? ಮಗುವಿನ ಸಿಟ್ಟಿಗೆ ತಾಯಿಯ ದುಡಿಮೆಯನ್ನು ದೂರುವ ಮೊದಲು ಇವಕ್ಕೆ ಉತ್ತರ ಸಿಗಬೇಕು.