ಐದನೆಯ ಅಕ್ಷರದ ಸಾಕ್ಷ್ಯ: ಮೂವರು ರೋಮನ್ ಸಾಮ್ರಾಜ್ಞಿಯರ ಚಿನ್ನದ ನಾಣ್ಯಗಳು

ಕ್ರಿ.ಶ. 400ರಿಂದ 455ರವರೆಗಿನ ಅವಧಿಯಲ್ಲಿ ರೋಮನ್ ಸಾಮ್ರಾಜ್ಯದ ಟಂಕಸಾಲೆಗಳು ಹೆಚ್ಚುಕಡಿಮೆ ಒಂದೇ ಹೆಸರಿನ ಮೂವರು ಸಾಮ್ರಾಜ್ಞಿಯರಿಗಾಗಿ ಚಿನ್ನದ ನಾಣ್ಯಗಳನ್ನು ಅಚ್ಚೊತ್ತಿದವು. ಮೊದಲನೆಯವಳು ಏಲಿಯಾ ಯೂಡೋಕ್ಸಿಯಾ, ಎರಡನೆಯವಳು ಅವಳ ಸೊಸೆ ಏಲಿಯಾ ಯೂಡೋಕಿಯಾ, ಮೂರನೆಯವಳು ಅಜ್ಜಿಯ ಹೆಸರು ಪಡೆದ ಮೊಮ್ಮಗಳು ಲಿಸಿನಿಯಾ ಯೂಡೋಕ್ಸಿಯಾ. ಲ್ಯಾಟಿನ್ ಲಿಪಿಯಲ್ಲಿ ಬರೆದಾಗ ಈ ಹೆಸರಿಗೆ ಏಳು ಅಕ್ಷರ. ಅವುಗಳಲ್ಲಿ ಆರು ಮೂವರಿಗೂ ಸಮಾನ. ಐದನೆಯದು ಮಾತ್ರ ಅಜ್ಜಿಗೂ ಮೊಮ್ಮಗಳಿಗೂ ‘ಎಕ್ಸ್’, ನಡುವಿನವಳಿಗೆ ‘ಸಿ’. ನಾಣ್ಯದ ಮೇಲಿನ ಮುಖಗಳು ಒಂದನ್ನೊಂದು ಹೋಲುವುದರಿಂದ, ಯಾವ ನಾಣ್ಯ ಯಾರದು, ಎಲ್ಲಿಯದು, ಯಾವ ಕಾಲದ್ದು ಎಂಬುದನ್ನು ನಾಣ್ಯಶಾಸ್ತ್ರಜ್ಞರು ಬಹುಮಟ್ಟಿಗೆ ಅಕ್ಷರಗಳಿಂದಲೇ ತೀರ್ಮಾನಿಸಬೇಕಾಗುತ್ತದೆ.

ಏಲಿಯಾ ಯೂಡೋಕ್ಸಿಯಾ ಫ್ರಾಂಕ್ ಮೂಲದ ಸೇನಾಪತಿ ಬೌಟೋನ ಮಗಳು. 395ರಲ್ಲಿ ಅವಳು ಪೂರ್ವದ ಚಕ್ರವರ್ತಿ ಆರ್ಕೇಡಿಯಸ್‌ನನ್ನು ಮದುವೆಯಾದಳು. 400ರ ಜನವರಿ 9ರಂದು ಅವಳಿಗೆ ‘ಆಗಸ್ಟಾ’ ಎಂಬ ಬಿರುದು ಬಂದಿತು. ಈ ಬಿರುದು ಬಂದ ಮೇಲಷ್ಟೇ ಅವಳ ಹೆಸರಿನ ನಾಣ್ಯಗಳು ಹೊರಬಂದವು. ಧರ್ಮಾಧ್ಯಕ್ಷ ಜಾನ್ ಕ್ರಿಸೊಸ್ಟಮ್‌ನೊಡನೆ ನಡೆದ ತೀವ್ರ ಸಂಘರ್ಷದ ನಂತರ 404ರ ಅಕ್ಟೋಬರ್‌ನಲ್ಲಿ ಅವಳು ತೀರಿಕೊಂಡಳು. ಅವಳ ನಾಣ್ಯಗಳ ಕಾಲ ಐದು ವರ್ಷವನ್ನೂ ಮುಟ್ಟುವುದಿಲ್ಲ.

ಯೂಡೋಕಿಯಾಳ ಮೊದಲ ಹೆಸರು ಅಥೆನೇಯ್ಸ್. ಅವಳು ಅಥೆನ್ಸಿನ ವಿದ್ವಾಂಸ ಲಿಯೊಂಟಿಯಸ್‌ನ ಮಗಳು. 421ರಲ್ಲಿ ಆರ್ಕೇಡಿಯಸ್‌ನ ಮಗ ಎರಡನೇ ಥಿಯೊಡೋಸಿಯಸ್‌ನನ್ನು ಮದುವೆಯಾಗಿ, 423ರ ಜನವರಿ 2ರಂದು ಆಗಸ್ಟಾ ಆದಳು. ಹೋಮರನ ಸಾಲುಗಳನ್ನು ಹೆಣೆದು ಕ್ರೈಸ್ತ ವಸ್ತುವಿನ ಕಾವ್ಯ ರಚಿಸಿದ ಕವಯಿತ್ರಿ ಇವಳೇ. 440ರ ದಶಕದ ಆರಂಭದಲ್ಲಿ ಅರಮನೆಯನ್ನು ತೊರೆದು ಜೆರುಸಲೇಮಿನಲ್ಲಿ ನೆಲೆಸಿದಳು. 460ರಲ್ಲಿ ಅಲ್ಲಿಯೇ ತೀರಿಕೊಂಡಳು.

ಇವಳ ಮಗಳು ಲಿಸಿನಿಯಾ ಯೂಡೋಕ್ಸಿಯಾ ಹುಟ್ಟಿದ್ದು 422ರಲ್ಲಿ. 437ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪಶ್ಚಿಮದ ಚಕ್ರವರ್ತಿ ಮೂರನೇ ವ್ಯಾಲೆಂಟಿನಿಯನ್‌ನೊಡನೆ ಅವಳ ಮದುವೆಯಾಯಿತು. ಆಗಸ್ಟಾ ಬಿರುದು 439ರಲ್ಲಿ ಬಂದಿತು. 455ರಲ್ಲಿ ಗಂಡನ ಕೊಲೆಯಾಯಿತು. ಅದೇ ವರ್ಷ ರೋಮ್ ನಗರವನ್ನು ಸೂರೆಗೈದ ವ್ಯಾಂಡಲರು ಅವಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಾರ್ಥೇಜಿಗೆ ಒಯ್ದರು.

ಈ ಕಾಲದ ಮುಖ್ಯ ಚಿನ್ನದ ನಾಣ್ಯ ಸಾಲಿಡಸ್. ಮೊದಲನೇ ಕಾನ್‌ಸ್ಟಂಟೈನ್ ಜಾರಿಗೆ ತಂದ ಅಳತೆಯಂತೆ ಒಂದು ರೋಮನ್ ಪೌಂಡು ಚಿನ್ನದಲ್ಲಿ 72 ಸಾಲಿಡಸ್‌ಗಳನ್ನು ಮಾಡುತ್ತಿದ್ದರು. ಒಂದೊಂದರ ತೂಕ ಸುಮಾರು 4.5 ಗ್ರಾಂ, ಅಡ್ಡಗಲ ಸುಮಾರು 20 ಮಿಲಿಮೀಟರ್. ಅದರ ಅರ್ಧ ಸೆಮಿಸಿಸ್, ಮೂರನೇ ಒಂದು ಭಾಗ ಟ್ರೆಮಿಸಿಸ್. ನಾಣ್ಯದ ಬಿಲ್ಲೆಯನ್ನು ಎರಡು ಲೋಹದ ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ನಾಣ್ಯದಲ್ಲಿ ಬರಹ ನೇರವಾಗಿ ಮೂಡಬೇಕಾದರೆ ಅಚ್ಚು ಕೆತ್ತುವವನು ಅದನ್ನು ಅಚ್ಚಿನಲ್ಲಿ ತಿರುಗುಮುರುಗಾಗಿ ಕೆತ್ತಬೇಕಿತ್ತು. ಅಚ್ಚುಗಳು ಬೇಗ ಸವೆಯುತ್ತಿದ್ದುದರಿಂದ ಒಂದೇ ಮಾದರಿಗೆ ಮತ್ತೆ ಮತ್ತೆ ಹೊಸ ಅಚ್ಚು ಬೇಕಾಗುತ್ತಿತ್ತು. ಹೊಸ ಅಚ್ಚು ಹಳೆಯದರ ಪಡಿಯಚ್ಚಾಗಿರುವುದು ಸಾಧ್ಯವಿರಲಿಲ್ಲ. ಅಕ್ಷರದ ಗಾತ್ರ, ಚುಕ್ಕೆಯ ಜಾಗ, ಪದ ಒಡೆಯುವ ಬಗೆ ಇವೆಲ್ಲ ಅಚ್ಚಿನಿಂದ ಅಚ್ಚಿಗೆ ಅಷ್ಟಿಷ್ಟು ಬದಲಾಗುತ್ತಿದ್ದವು. ವರ್ಗೀಕರಣಕ್ಕೆ ಆಧಾರವೂ ಗೊಂದಲಕ್ಕೆ ಕಾರಣವೂ ಈ ಬದಲಾವಣೆಗಳೇ.

ಏಲಿಯಾ ಯೂಡೋಕ್ಸಿಯಾಳ ಸಾಲಿಡಸ್ಸನ್ನು ಹತ್ತಿರದಿಂದ ನೋಡಬಹುದು. ಮುಂಬದಿಯಲ್ಲಿ ಬಲಕ್ಕೆ ಮುಖ ಮಾಡಿದ ಸಾಮ್ರಾಜ್ಞಿಯ ಎದೆಮಟ್ಟದ ಚಿತ್ರ. ತಲೆಗೆ ಮುತ್ತಿನ ಪಟ್ಟಿ, ಕಿವಿಗೆ ಓಲೆ, ಕೊರಳಿಗೆ ಹಾರ. ತಲೆಯ ಮೇಲೆ ಆಕಾಶದಿಂದ ಚಾಚಿದ ದೇವರ ಕೈ ಕಿರೀಟಮಾಲೆಯನ್ನು ಹಿಡಿದಿದೆ. ಸಾಮ್ರಾಜ್ಞಿಯರ ನಾಣ್ಯಗಳಲ್ಲಿ ಈ ಕೈ ಮೊದಲು ಕಾಣಿಸಿಕೊಂಡದ್ದು ಇವಳ ನಾಣ್ಯಗಳಲ್ಲಿ. ಮುಂದೆ ಬಂದವರಿಗೂ ಅದು ಮುಂದುವರಿಯಿತು. ಅಂಚಿನ ಗುಂಟ ಮೂರು ಭಾಗಗಳ ಬರಹವಿದೆ: ‘ಏಲಿಯಾ’ ಎಂಬುದರ ಮೊದಲ ಮೂರು ಅಕ್ಷರ, ಪೂರ್ತಿ ಹೆಸರು, ‘ಆಗಸ್ಟಾ’ ಎಂಬುದರ ಮೊದಲ ಮೂರು ಅಕ್ಷರ. ತಲೆಯೂ ಕೈಯೂ ನಡುವೆ ಬರುವುದರಿಂದ ಬರಹ ಅಲ್ಲಿ ಒಡೆಯುತ್ತದೆ. ‘ಯೂಡೋ’ ವರೆಗಿನ ಅಕ್ಷರಗಳು ಒಂದು ಬದಿಗೆ, ‘ಕ್ಸಿಯಾ’ ಭಾಗ ಇನ್ನೊಂದು ಬದಿಗೆ. ಹಿಂಬದಿಯಲ್ಲಿ ‘ರಾಜ್ಯದ ಕ್ಷೇಮ’ ಎಂಬ ಅರ್ಥದ ಲ್ಯಾಟಿನ್ ಬರಹ. ಅದರ ನಡುವೆ ಕುಳಿತ ವಿಜಯದೇವತೆ ಗುರಾಣಿಯ ಮೇಲೆ ಕ್ರಿಸ್ತನ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರಗಳನ್ನು ಹೆಣೆದು ಬರೆಯುತ್ತಿದ್ದಾಳೆ.

‘ಏಲಿಯಾ’ ಎಂಬ ಭಾಗದಿಂದ ವ್ಯಕ್ತಿಯನ್ನು ಗುರುತಿಸಲು ಆಗುವುದಿಲ್ಲ. ಅದು ಮೊದಲನೇ ಥಿಯೊಡೋಸಿಯಸ್‌ನ ಪತ್ನಿ ಏಲಿಯಾ ಫ್ಲಾಸಿಲ್ಲಾಳ ಹೆಸರು. ಅವಳ ನಂತರ ಪೂರ್ವದ ಸಾಮ್ರಾಜ್ಞಿಯರಿಗೆಲ್ಲ ಬಿರುದಿನಂತೆ ಬಳಕೆಗೆ ಬಂದಿತು. ಆದರೆ ಎಲ್ಲಿಯ ನಾಣ್ಯ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ಪೂರ್ವದ ರೂಢಿ ‘ಏಲಿಯಾ’, ಹೆಸರು, ‘ಆಗಸ್ಟಾ’ ಎಂಬ ಚಿಕ್ಕ ಬರಹ. ಪಶ್ಚಿಮದ ರೂಢಿಯಲ್ಲಿ ‘ಆಗಸ್ಟಾ’ಕ್ಕೆ ಮೊದಲು ‘ಪಿ’ ಮತ್ತು ‘ಎಫ್’ ಬರುತ್ತವೆ. ಇವು ಧರ್ಮನಿಷ್ಠೆ, ಭಾಗ್ಯವಂತೆ ಎಂಬ ವಿಶೇಷಣಗಳ ಸಂಕ್ಷೇಪ. ವ್ಯಾಲೆಂಟಿನಿಯನ್‌ನ ತಾಯಿ ಗಾಲಾ ಪ್ಲಾಸಿಡಿಯಾಳ ನಾಣ್ಯಗಳಲ್ಲಿ ಈ ಭೇದ ಸ್ಪಷ್ಟವಾಗಿದೆ. ರವೆನ್ನಾದಲ್ಲಿ ಅಚ್ಚಾದ ಅವಳ ನಾಣ್ಯಗಳಲ್ಲಿ ‘ನಮ್ಮ ಒಡತಿ ಗಾಲಾ ಪ್ಲಾಸಿಡಿಯಾ’ ಎಂದು ತೊಡಗಿ ‘ಪಿ’, ‘ಎಫ್’ ಸಮೇತ ಬರಹ ಮುಗಿಯುತ್ತದೆ. ಕಾನ್‌ಸ್ಟಾಂಟಿನೋಪಲ್ ಅವಳಿಗಾಗಿ ಹೊರಡಿಸಿದ ಒಂದು ಮಾಲೆಯಲ್ಲಿ ಅವಳು ಬರೀ ‘ಏಲಿಯಾ ಪ್ಲಾಸಿಡಿಯಾ ಆಗಸ್ಟಾ’. ವ್ಯಕ್ತಿ ಒಬ್ಬಳೇ ಆದರೂ ಬರಹದ ಸಂಪ್ರದಾಯ ಟಂಕಸಾಲೆಯನ್ನು ಹೇಳಿಬಿಡುತ್ತದೆ.

ಲಿಸಿನಿಯಾ ಯೂಡೋಕ್ಸಿಯಾಳ ಪಶ್ಚಿಮದ ನಾಣ್ಯಗಳಲ್ಲೂ ‘ಲಿಸಿನಿಯಾ’ ಎಂಬ ಹೆಸರೂ ‘ಪಿ’, ‘ಎಫ್’ ಅಕ್ಷರಗಳೂ ಇವೆ. ಚಿತ್ರವೂ ಬೇರೆ: ಮುಖ ನೇರ ನೋಡುಗರ ಕಡೆಗಿದೆ, ತಲೆಯ ಮೇಲೆ ಮೊನೆಗಳೂ ಶಿಲುಬೆಯೂ ಇರುವ ಎತ್ತರದ ಕಿರೀಟವಿದೆ. ಹಿಂಬದಿಯಲ್ಲಿ ಅವಳ ಅಜ್ಜಿಯ ನಾಣ್ಯದಲ್ಲಿದ್ದ ‘ರಾಜ್ಯದ ಕ್ಷೇಮ’ ಎಂಬ ಮಾತೇ ಇದೆ, ಆದರೆ ಸಿಂಹಾಸನದಲ್ಲಿ ಕುಳಿತವಳು ಸ್ವತಃ ಸಾಮ್ರಾಜ್ಞಿ. ಹಿಂಬದಿಯ ಮಾತೊಂದನ್ನೇ ನೆಚ್ಚಿ ವಿಂಗಡಿಸಿದರೆ ನಲವತ್ತು ವರ್ಷ ಅಂತರದ ಎರಡು ಮಾಲೆಗಳು ಬೆರೆತುಹೋಗುತ್ತವೆ. ಚಿತ್ರ ಮತ್ತು ಬರಹ ಎರಡನ್ನೂ ಒಟ್ಟಿಗೆ ಓದಬೇಕು ಎಂಬುದಕ್ಕೆ ಇದು ನಿದರ್ಶನ.

ನಿಜವಾದ ತೊಡಕು ಇರುವುದು ಪೂರ್ವದ ನಾಣ್ಯಗಳಲ್ಲಿ. ಅಲ್ಲಿ ಮೊಮ್ಮಗಳೂ ‘ಏಲಿಯಾ ಯೂಡೋಕ್ಸಿಯಾ’ ಆಗುತ್ತಾಳೆ. ಅಜ್ಜಿಯ ಬರಹಕ್ಕೂ ಅವಳ ಬರಹಕ್ಕೂ ಒಂದಕ್ಷರದ ಭೇದವೂ ಉಳಿಯುವುದಿಲ್ಲ. ಈ ತೊಡಕನ್ನು ಬಿಡಿಸುವುದು ಹಿಂಬದಿಯ ಅಂಕಿಗಳು. ಎರಡನೇ ಥಿಯೊಡೋಸಿಯಸ್‌ನ ಕಾಲದ ಒಂದು ದೊಡ್ಡ ಮಾಲೆಯಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದೇವತೆ ಹಡಗಿನ ಮೂತಿಯ ಮೇಲೆ ಕಾಲಿಟ್ಟು, ಶಿಲುಬೆ ಹೊತ್ತ ಗೋಳವನ್ನು ಹಿಡಿದು ಕುಳಿತಿದ್ದಾಳೆ. ಸುತ್ತಲಿನ ಬರಹದಲ್ಲಿ ಎರಡು ಸಂಖ್ಯೆಗಳಿವೆ. ನಾಲ್ಕು ‘ಎಕ್ಸ್’, ಎರಡು ‘ಐ’ ಸೇರಿದ 42 ಚಕ್ರವರ್ತಿಯ ಆಳ್ವಿಕೆಯ ಲೆಕ್ಕ. 17 ಅವನು ಕಾನ್ಸಲ್ ಪದವಿ ಹೊತ್ತ ಸಲಗಳ ಲೆಕ್ಕ. ಥಿಯೊಡೋಸಿಯಸ್‌ಗೆ 402ರಲ್ಲಿ ಮಗುವಾಗಿದ್ದಾಗಲೇ ಪಟ್ಟವಾಗಿತ್ತು. ಹದಿನೇಳನೆಯ ಸಲ ಅವನು ಕಾನ್ಸಲ್ ಆದದ್ದು 439ರಲ್ಲಿ, ಹದಿನೆಂಟನೆಯ ಸಲ 444ರಲ್ಲಿ. ಹಾಗಾಗಿ ಈ ಮಾಲೆ 440ರ ದಶಕದ ಮೊದಲ ವರ್ಷಗಳಿಗೆ ಸೇರುತ್ತದೆ.

ಈ ಮಾಲೆಯ ನಾಣ್ಯಗಳು ಚಕ್ರವರ್ತಿಗಷ್ಟೇ ಅಲ್ಲದೆ ರಾಜಮನೆತನದ ಹೆಂಗಸರ ಹೆಸರಿನಲ್ಲೂ ಇವೆ. ಕೆಲವದರಲ್ಲಿ ಯೂಡೋಕಿಯಾ, ‘ಸಿ’ ಅಕ್ಷರದೊಡನೆ. ಕೆಲವದರಲ್ಲಿ ಯೂಡೋಕ್ಸಿಯಾ, ‘ಎಕ್ಸ್’ ಅಕ್ಷರದೊಡನೆ. ಹಸ್ತಪ್ರತಿಗಳಲ್ಲಿ ಈ ಎರಡು ಹೆಸರುಗಳು ಆಗಾಗ ಅದಲುಬದಲಾಗಿರುವುದರಿಂದ, ನಾಣ್ಯದಲ್ಲೂ ಇದು ಬರೀ ಕಾಗುಣಿತದ ಭೇದವಿರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಆದರೆ ಅರಮನೆಯ ಕಣ್ಣೆದುರಿನ ಟಂಕಸಾಲೆಯಲ್ಲಿ, ಒಂದೇ ಮಾಲೆಯಲ್ಲಿ, ಎರಡೂ ರೂಪಗಳು ಸ್ಪಷ್ಟವಾಗಿ ಬಂದಿವೆ. ಅಜ್ಜಿ ತೀರಿಕೊಂಡು ಆಗಲೇ ನಾಲ್ಕು ದಶಕಗಳಾಗುತ್ತಿದ್ದವು. ಆದ್ದರಿಂದ ‘ಸಿ’ ಇರುವವು ತಾಯಿಯವು, ‘ಎಕ್ಸ್’ ಇರುವವು ಪಶ್ಚಿಮಕ್ಕೆ ಮದುವೆಯಾಗಿ ಹೋದ ಮಗಳವು. ನಾಣ್ಯಶಾಸ್ತ್ರಜ್ಞೆ ಅಲೈನ್ ಅಬೇಕರ್ಲಿ ಬಾಯ್ಸ್ 1954ರಲ್ಲಿ ಈ ಕಾಲಸೂಚಕ ಸಾಲಿಡಸ್‌ಗಳ ಬಗ್ಗೆಯೇ ಒಂದು ಪ್ರತ್ಯೇಕ ಪ್ರಬಂಧ ಬರೆದರು. ಈ ವಿಂಗಡಣೆಯಿಂದ ರಾಜಕೀಯದ ಎರಡು ಸಂಗತಿಗಳು ತಿಳಿಯುತ್ತವೆ. ಯೂಡೋಕಿಯಾ ಅರಮನೆಯಿಂದ ದೂರವಾಗುತ್ತಿದ್ದ ಹೊತ್ತಿನಲ್ಲೂ ಅವಳ ಆಗಸ್ಟಾ ಪದವಿಗೆ ಮನ್ನಣೆಯಿತ್ತು. ಪಶ್ಚಿಮದ ಸಾಮ್ರಾಜ್ಞಿಯನ್ನು ಪೂರ್ವದ ಅರಮನೆ ತನ್ನ ಮನೆಮಗಳಾಗಿಯೇ ಎಣಿಸುತ್ತಿತ್ತು.

ಯೂಡೋಕಿಯಾಳ ಹಿಂದಿನ ಮಾಲೆಯೊಂದರಲ್ಲಿ ಉದ್ದನೆಯ ಶಿಲುಬೆ ಹಿಡಿದು ನಿಂತ ವಿಜಯದೇವತೆ ಇದ್ದಾಳೆ. ಅಲ್ಲಿನ ಬರಹ ಆಳ್ವಿಕೆಯ 20 ವರ್ಷಗಳ ಹರಕೆ ಸಂದಿದ್ದನ್ನೂ 30 ವರ್ಷಗಳ ಹಾರೈಕೆಯನ್ನೂ ಹೇಳುತ್ತದೆ. ಅವಳು ಆಗಸ್ಟಾ ಆದದ್ದು 423ರಲ್ಲಿ. ಅವಳ ಹೆಸರಿನ ಈ ಬಗೆಯ ಯಾವ ನಾಣ್ಯವೂ ಅದಕ್ಕಿಂತ ಹಳೆಯದಾಗಿರಲಾರದು. ಈ ಬರಹದ ಕೊನೆಗೆ ಇನ್ನೊಂದು ಒಂಟಿ ಅಕ್ಷರ ಸೇರಿರುತ್ತದೆ. ಅದು ಟಂಕಸಾಲೆಯೊಳಗಿನ ಕಾರ್ಯಾಗಾರದ ಸಂಖ್ಯೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿನ್ನಕ್ಕೆ ಹತ್ತು ಕಾರ್ಯಾಗಾರಗಳಿದ್ದವು. ಗ್ರೀಕ್ ಲೆಕ್ಕದಂತೆ ಆಲ್ಫಾ ಎಂದರೆ ಒಂದು, ಬೀಟಾ ಎರಡು, ಗ್ಯಾಮಾ ಮೂರು. ಹೀಗೆ ಅಯೋಟಾ ಎಂದರೆ ಹತ್ತು. ಲ್ಯಾಟಿನ್ ಬರಹದ ಬಾಲಕ್ಕೆ ಗ್ರೀಕ್ ಅಂಕಿ ಅಂಟಿಕೊಂಡಿರುವುದನ್ನು ಅರಿಯದಿದ್ದರೆ ಅದು ಬರಹದ ತಪ್ಪಿನಂತೆ ತೋರುತ್ತದೆ.

ಹಿಂಬದಿಯ ತಳದಲ್ಲಿ ‘ಕೊನೊಬ್’ ಅಥವಾ ‘ಕೊಮೊಬ್’ ಎಂಬ ಐದು ಅಕ್ಷರಗಳಿರುತ್ತವೆ. ಕೊನೆಯ ‘ಓ’ ಮತ್ತು ‘ಬಿ’ ಅಪರಂಜಿ ಎಂಬುದರ ಸಂಕ್ಷೇಪ. ಗ್ರೀಕ್ ಅಂಕಿಗಳಾಗಿ ಓದಿದರೆ ಅವೇ ಅಕ್ಷರಗಳು 72 ಆಗುತ್ತವೆ, ಅಂದರೆ ಪೌಂಡಿಗೆ ಸಿಗುವ ಸಾಲಿಡಸ್‌ಗಳ ಲೆಕ್ಕ. ಮೊದಲ ಮೂರು ಅಕ್ಷರ ‘ಕೊನ್’ ಆಗಿದ್ದರೆ ಕಾನ್‌ಸ್ಟಾಂಟಿನೋಪಲ್ ಎಂದು ಅರ್ಥ. ‘ಕೊಮೊಬ್’ ಪಶ್ಚಿಮದ ಟಂಕಸಾಲೆಗಳ ರೂಢಿ; ಅಲ್ಲಿ ಊರನ್ನು ಹೇಳಲು ಚಿತ್ರದ ಎರಡು ಪಕ್ಕದಲ್ಲಿ ಬೇರೆ ಅಕ್ಷರಗಳಿರುತ್ತವೆ. ‘ಆರ್’, ‘ವಿ’ ಎಂದರೆ ರವೆನ್ನಾ. ‘ಆರ್’, ‘ಎಂ’ ಎಂದರೆ ರೋಮ್. ಈ ಸೂತ್ರಕ್ಕೂ ಅಪವಾದವಿದೆ: 42ರ ಅಂಕಿಯಿರುವ ಕಾನ್‌ಸ್ಟಾಂಟಿನೋಪಲ್ ಮಾಲೆಯಲ್ಲಿಯೇ ‘ಕೊಮೊಬ್’ ಬರುತ್ತದೆ. ‘ಎನ್’ ಜಾಗದಲ್ಲಿ ‘ಎಂ’ ಕಂಡ ಮಾತ್ರಕ್ಕೆ ನಾಣ್ಯವನ್ನು ಪಶ್ಚಿಮಕ್ಕೆ ಸೇರಿಸಿದರೆ ತಪ್ಪಾಗುತ್ತದೆ.

ಇಷ್ಟು ಬಗೆಯ ಭೇದಗಳನ್ನು ಒಂದು ಕ್ರಮದಲ್ಲಿಡುವುದೇ ವರ್ಗೀಕರಣದ ಕೆಲಸ. ವ್ಯಕ್ತಿಯನ್ನು ಬದಲಿಸುವ ಅಕ್ಷರ ಎಲ್ಲಕ್ಕಿಂತ ಮೇಲಿನದು. ನಂತರದ್ದು ಟಂಕಸಾಲೆಯನ್ನೂ ಕಾಲವನ್ನೂ ಸೂಚಿಸುವ ಬರಹ. ಅದರ ಕೆಳಗೆ ಕಾರ್ಯಾಗಾರದ ಅಂಕಿ. ಪದ ಒಡೆದ ಜಾಗ, ಪದಗಳ ನಡುವಿನ ಚುಕ್ಕೆ, ಅಡ್ಡಗೆರೆಯಿಲ್ಲದ ‘ಎ’ ಮೊದಲಾದವು ಹೆಚ್ಚಾಗಿ ಕೆತ್ತುವವನ ಕೈಯನ್ನು ತೋರಿಸುತ್ತವೆ. ಅವು ಬಿಡಿಬಿಡಿಯಾಗಿ ಹೊಸ ಮಾಲೆಯನ್ನು ಸಾಬೀತು ಮಾಡುವುದಿಲ್ಲ. ಆದರೆ ಒಂದೇ ಅಚ್ಚಿನಿಂದ ಬಂದ ನಾಣ್ಯಗಳನ್ನು ಗುರುತಿಸಿ ಜೋಡಿಸಲು ಅವು ಬೇಕೇಬೇಕು. ಒಂದು ಮುಂಬದಿಯ ಅಚ್ಚು ಎರಡು ಬೇರೆ ಹಿಂಬದಿಗಳೊಡನೆ ಬಳಕೆಯಾಗಿದ್ದರೆ, ಆ ಎರಡೂ ಹತ್ತಿರದ ಕಾಲದವು ಎಂದು ಹೇಳಲು ಸಾಧ್ಯವಾಗುತ್ತದೆ. ತೀರ ಚಿಕ್ಕದಾದ ಟ್ರೆಮಿಸಿಸ್‌ನಲ್ಲಿ ಹಿಂಬದಿಗೆ ಕಿರೀಟಮಾಲೆಯ ನಡುವಿನ ಶಿಲುಬೆಯಷ್ಟೇ ಇದ್ದು ಕಾಲಸೂಚಕ ಅಂಕಿ ಇರುವುದಿಲ್ಲ. ಅಂಥಲ್ಲಿ ಅಜ್ಜಿ ಮೊಮ್ಮಗಳನ್ನು ಬೇರ್ಪಡಿಸಲು ಈ ಸಣ್ಣ ಗುರುತುಗಳೂ ಕೆತ್ತನೆಯ ಶೈಲಿಯೂ ಮುಖ್ಯವಾಗುತ್ತವೆ.

ಈ ಶಿಸ್ತು ಬೆಳೆದದ್ದು ನಿಧಾನವಾಗಿ. 1862ರಲ್ಲಿ ಸಬಾತಿಯೇ ಬೈಜಾಂಟೈನ್ ನಾಣ್ಯಗಳ ವಿಸ್ತಾರವಾದ ವಿವರಣೆ ಪ್ರಕಟಿಸಿದ. 1992ರಲ್ಲಿ ಫಿಲಿಪ್ ಗ್ರೀರ್ಸನ್ ಮತ್ತು ಮೆಲಿಂಡಾ ಮೇಸ್ ಡಂಬರ್ಟನ್ ಓಕ್ಸ್ ಸಂಗ್ರಹದ ಸೂಚಿಯನ್ನು ಹೊರತಂದರು. 1994ರಲ್ಲಿ ಜೆ.ಪಿ.ಸಿ. ಕೆಂಟ್ ಸಿದ್ಧಪಡಿಸಿದ ‘ರೋಮನ್ ಇಂಪೀರಿಯಲ್ ಕಾಯ್ನೇಜ್’ ಹತ್ತನೆಯ ಸಂಪುಟ 395ರಿಂದ 491ರವರೆಗಿನ ನಾಣ್ಯಗಳನ್ನು ಕ್ರಮಬದ್ಧವಾಗಿ ಎಣಿಸಿತು. ಇಂದು ಹೆಚ್ಚಿನ ಉಲ್ಲೇಖಗಳು ಇದರ ಕ್ರಮಸಂಖ್ಯೆಯನ್ನೇ ಬಳಸುತ್ತವೆ. ನಾಣ್ಯದ ಹೊರಗಿನ ಸಾಕ್ಷ್ಯವೂ ಉಂಟು. 403ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಏಲಿಯಾ ಯೂಡೋಕ್ಸಿಯಾಳ ಬೆಳ್ಳಿಯ ಪ್ರತಿಮೆ ನಿಂತಿತು. ಪ್ರತಿಮೆ ಈಗಿಲ್ಲ; ಅದರ ಕಲ್ಲಿನ ಪೀಠ ಲ್ಯಾಟಿನ್, ಗ್ರೀಕ್ ಎರಡೂ ಬರಹಗಳೊಡನೆ ಇಸ್ತಾಂಬುಲ್‌ನಲ್ಲಿ ಉಳಿದಿದೆ. ಅಲ್ಲಿನ ಲ್ಯಾಟಿನ್ ಬರಹದಲ್ಲಿಯೂ ಅವಳ ಹೆಸರಿನ ಐದನೆಯ ಅಕ್ಷರ ‘ಎಕ್ಸ್’.

ಈ ಕಾಲದ ಸಾಲಿಡಸ್‌ಗಳು ಸಮುದ್ರ ದಾಟಿ ದಕ್ಷಿಣ ಭಾರತಕ್ಕೂ ಬಂದವು. ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ 5 ಮತ್ತು 6ನೇ ಶತಮಾನದ ಬೈಜಾಂಟೈನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ದಕ್ಷಿಣದಲ್ಲಿ ಸಿಗುವ ಇಂಥ ನಾಣ್ಯಗಳಲ್ಲಿ ಹಲವಕ್ಕೆ ತಲೆಯ ಮೇಲ್ಗಡೆ ಒತ್ತೊತ್ತಾಗಿ ಎರಡು ತೂತುಗಳಿವೆ. ಒಡವೆಯಾಗಿ ಧರಿಸಲು ಹಾಗೆ ಕೊರೆದರು. ಇವುಗಳ ಜೊತೆಗೆ ಇಲ್ಲಿಯೇ ತಯಾರಾದ ಅನುಕರಣೆಗಳೂ ಇವೆ. ಅವುಗಳಲ್ಲಿ ಮುಖ ಸುಮಾರಾಗಿ ಸರಿಯಿದ್ದರೂ ಬರಹ ಅರ್ಥವಿಲ್ಲದ ಗೆರೆ, ಬಾಗುಗಳಾಗಿ ಕೆಡುತ್ತದೆ. ಲ್ಯಾಟಿನ್ ಓದಲು ಬಾರದ ಕುಶಲಕರ್ಮಿಗೆ ಅದು ಅಂಚಿನ ಅಲಂಕಾರವಷ್ಟೇ ಆಗಿತ್ತು. ಅಧಿಕೃತ ಟಂಕಸಾಲೆಯ ಅಕ್ಷರಭೇದಗಳನ್ನು ಚೆನ್ನಾಗಿ ತಿಳಿದವರು ಮಾತ್ರ ಇಂಥ ಅನುಕರಣೆಯನ್ನು ಕೈತಪ್ಪಿನಿಂದ ಬೇರ್ಪಡಿಸಬಲ್ಲರು. ಹೀಗೆ ಮೂವರು ಸಾಮ್ರಾಜ್ಞಿಯರನ್ನು ವಿಂಗಡಿಸಲು ರೂಢಿಗೆ ಬಂದ ಓದಿನ ಕ್ರಮವೇ, ಆ ಸಾಮ್ರಾಜ್ಯದ ಗಡಿಯಾಚೆ ಅದರ ಚಿನ್ನ ಯಾವ ರೂಪದಲ್ಲಿ ಬಳಕೆಯಾಯಿತು ಎಂಬುದನ್ನು ಅರಿಯಲೂ ನೆರವಾಗುತ್ತದೆ.